ಜನರಲ್ ಕೆ. ಎಸ್. ತಿಮ್ಮಯ್ಯ

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ (31 ಮಾರ್ಚ್ 1906 – 18 ಡಿಸೆಂಬರ್ 1965) ಭಾರತೀಯ ಭೂಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಸೇನಾನಿ. ಸಿಂಗಪುರದಲ್ಲಿ ಜಪಾನಿನ ಶರಣಾಗತಿ, ಕಾಶ್ಮೀರದ ಜೋಜಿಲಾ ಕಾರ್ಯಾಚರಣೆ, ಕೊರಿಯದ ಯುದ್ಧಕೈದಿಗಳ ಪ್ರಶ್ನೆ ಮತ್ತು ಸೈಪ್ರಸ್‌ನ ಶಾಂತಿಪಾಲನೆ ಅವರು ಪಾಲ್ಗೊಂಡ ಪ್ರಮುಖ ಘಟನೆಗಳು. ಇವು ಆ ಕಾಲದ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿದ್ದುದರಿಂದ, ಇಪ್ಪತ್ತನೆಯ ಶತಮಾನದ ಸುದ್ದಿ ಛಾಯಾಚಿತ್ರಗಳ ಸಂಗ್ರಹಗಳಲ್ಲಿ ಅವರ ಚಿತ್ರಗಳು ಕಂಡುಬರುತ್ತವೆ.

ಆರಂಭಿಕ ಜೀವನ

ತಿಮ್ಮಯ್ಯನವರು ಮಡಿಕೇರಿಯಲ್ಲಿ ಜನಿಸಿದರು. ಕೂನೂರು ಮತ್ತು ಬೆಂಗಳೂರಿನಲ್ಲಿ ವ್ಯಾಸಂಗ ಮಾಡಿ, ಡೆಹರಾಡೂನಿನ ಸೈನಿಕ ಕಾಲೇಜಿನ ಮೂಲಕ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೇರಿದರು. 1926ರಲ್ಲಿ ಸೇನಾಧಿಕಾರಿಯಾಗಿ ನೇಮಕಗೊಂಡರು. 1935ರಲ್ಲಿ ನೀನಾ ಅವರನ್ನು ವಿವಾಹವಾದರು.

ಸೈನಿಕ ಸೇವೆ

ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಕಾನ್ ರಣಾಂಗಣದಲ್ಲಿ ಹೋರಾಡಿ ಡಿ.ಎಸ್.ಓ. ಪದಕ ಪಡೆದರು. ಯುದ್ಧಭೂಮಿಯಲ್ಲಿ ಪದಾತಿ ಬ್ರಿಗೇಡನ್ನು ಮುನ್ನಡೆಸಿದ ಮೊದಲ ಭಾರತೀಯರೆಂಬ ಕೀರ್ತಿ ಅವರದು. 1945ರ ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ಮೌಂಟ್‌ಬ್ಯಾಟನ್ ಅವರ ಸಮ್ಮುಖದಲ್ಲಿ ನಡೆದ ಶರಣಾಗತಿ ಸಮಾರಂಭದಲ್ಲಿ ಭಾರತವನ್ನು ಪ್ರತಿನಿಧಿಸಿದರು. 1948ರ ನವೆಂಬರ್ 1ರಂದು ಜೋಜಿಲಾ ಕಣಿವೆಗೆ ಹಗುರ ಟ್ಯಾಂಕುಗಳನ್ನು ನುಗ್ಗಿಸಿದ ಕಾರ್ಯಾಚರಣೆ ಅವರ ನೇತೃತ್ವದಲ್ಲಿ ನಡೆಯಿತು. ಇದರಿಂದ ಲಡಾಖ್‌ಗೆ ಹೋಗುವ ದಾರಿ ತೆರೆಯಿತು.

ಕೊರಿಯ

1953ರಲ್ಲಿ ತಟಸ್ಥ ರಾಷ್ಟ್ರಗಳ ಕೈದಿ ಪುನರ್ವಾಪಸಾತಿ ಆಯೋಗದ ಅಧ್ಯಕ್ಷರಾದರು. ತಾಯ್ನಾಡಿಗೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯದ ಸೈನಿಕರು ಭಾರತೀಯ ಪಡೆಯ ವಶದಲ್ಲಿದ್ದರು. ಪರಸ್ಪರ ನಂಬಿಕೆಯಿಲ್ಲದ ಎರಡು ಬಣಗಳ ನಡುವೆ ನಿಂತು ಈ ಹೊಣೆಯನ್ನು ನಿರ್ವಹಿಸಿದ ಅವರಿಗೆ 1954ರಲ್ಲಿ ಪದ್ಮಭೂಷಣ ಸಂದಿತು.

ಸೇನಾ ಮುಖ್ಯಸ್ಥ

1957ರ ಮೇ ತಿಂಗಳಿಂದ 1961ರ ಮೇ ತಿಂಗಳವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ ಅವರೊಂದಿಗಿನ ಭಿನ್ನಾಭಿಪ್ರಾಯದಿಂದ 1959ರ ಆಗಸ್ಟ್ 31ರಂದು ರಾಜೀನಾಮೆ ಸಲ್ಲಿಸಿದರು. ಪ್ರಧಾನಿ ನೆಹರೂ ಅವರ ಮನವೊಲಿಕೆಯ ಮೇರೆಗೆ ಅದನ್ನು ಹಿಂಪಡೆದರು. ಆದರೆ ನೆಹರೂ ಸಂಸತ್ತಿನಲ್ಲಿ ಅವರ ನಡೆಯನ್ನು ಟೀಕಿಸಿದರು. ಅವರು ನಿವೃತ್ತರಾದ ಮರುವರ್ಷವೇ ಚೀನಾದೊಂದಿಗಿನ ಯುದ್ಧದಲ್ಲಿ ಭಾರತ ಸೋತಿತು. ಆ ಬಳಿಕ ಈ ರಾಜೀನಾಮೆ ಪ್ರಕರಣ ಮತ್ತೆ ಚರ್ಚೆಗೆ ಬಂದಿತು.

ಸೈಪ್ರಸ್ ಮತ್ತು ನಿಧನ

1964ರಲ್ಲಿ ಸೈಪ್ರಸ್‌ನಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾದರು. ಸೇವೆಯಲ್ಲಿರುವಾಗಲೇ ಹೃದಯಾಘಾತದಿಂದ ನಿಧನರಾದರು. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತರಲಾಯಿತು. 1966ರಲ್ಲಿ ಸೈಪ್ರಸ್ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.

ಛಾಯಾಚಿತ್ರಗಳು ಮತ್ತು ಸಂಗ್ರಹಾಲಯ

ಸಿಂಗಪುರದ ಶರಣಾಗತಿಯ ಛಾಯಾಚಿತ್ರಗಳು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿವೆ. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆಯಾಗಿದ್ದ ‘ಸನ್ನಿಸೈಡ್’ ಈಗ ಸಂಗ್ರಹಾಲಯವಾಗಿದೆ. 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಇದನ್ನು ಉದ್ಘಾಟಿಸಿದರು. ಅವರ ಜೀವನ ಮತ್ತು ಸೇವೆಗೆ ಸಂಬಂಧಿಸಿದ ಛಾಯಾಚಿತ್ರಗಳನ್ನು ಇಲ್ಲಿ ಪ್ರದರ್ಶಿಸಲಾಗಿದೆ.

ಹಳೆಯ ಪತ್ರಿಕಾ ಚಿತ್ರಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಸುದ್ದಿಸಂಸ್ಥೆಯ ಮುದ್ರೆ, ದಿನಾಂಕ ಮತ್ತು ಅಂಟಿಸಿದ ವಿವರಣೆಯ ಚೀಟಿ ಇರುತ್ತವೆ. ಚಿತ್ರದಲ್ಲಿರುವವರನ್ನೂ ಸಂದರ್ಭವನ್ನೂ ಗುರುತಿಸಲು ಇವು ಮುಖ್ಯ ಆಧಾರಗಳು. ಆದರೆ ಇಂತಹ ಚಿತ್ರಗಳು ತಿಮ್ಮಯ್ಯನವರ ಬದುಕಿನ ಬಹಿರಂಗ ಘಟನೆಗಳನ್ನಷ್ಟೇ ತೋರಿಸಬಲ್ಲವು. 1959ರ ರಾಜೀನಾಮೆಯಂತಹ ಪ್ರಸಂಗವನ್ನು ಅರಿಯಲು ಆ ಕಾಲದ ಪತ್ರಿಕಾ ವರದಿಗಳನ್ನೂ ಸಂಸತ್ತಿನ ನಡಾವಳಿಗಳನ್ನೂ ಜೊತೆಗೆ ನೋಡಬೇಕಾಗುತ್ತದೆ.