ವಾಲ್ಡೆಮಾರ್ ಹಾಫ್‌ಕಿನ್

ವಾಲ್ಡೆಮಾರ್ ಮೊರ್ದೆಕೈ ಹಾಫ್‌ಕಿನ್ (15 ಮಾರ್ಚ್ 1860 – 26 ಅಕ್ಟೋಬರ್ 1930) ಕಾಲರಾ ಮತ್ತು ಪ್ಲೇಗು ರೋಗಗಳ ವಿರುದ್ಧ ಲಸಿಕೆಗಳನ್ನು ರೂಪಿಸಿ, ಅವನ್ನು ಭಾರತದಲ್ಲಿ ಮನುಷ್ಯರ ಮೇಲೆ ಪ್ರಯೋಗಿಸಿ ಪರೀಕ್ಷಿಸಿದ ಸೂಕ್ಷ್ಮಾಣುಜೀವಿ ವಿಜ್ಞಾನಿ. ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಒಂದೇ ಪರಿಸರದಲ್ಲಿ ಗಮನಿಸಿ, ಎರಡೂ ಗುಂಪುಗಳ ಲೆಕ್ಕವನ್ನು ಹೋಲಿಸುವ ಕ್ರಮವನ್ನು ಅವರು ಭಾರತದಲ್ಲಿ ಬಳಕೆಗೆ ತಂದರು. ಇಂದು ಕ್ಲಿನಿಕಲ್ ಸಂಶೋಧನೆ ಎಂದು ಕರೆಯಲಾಗುವ ಕಾರ್ಯದ ಆರಂಭಿಕ ಮಾದರಿಗಳಲ್ಲಿ ಇದೂ ಒಂದು. ಮುಂಬಯಿಯ ಹಾಫ್‌ಕಿನ್ ಸಂಸ್ಥೆಗೆ ಅವರ ಹೆಸರನ್ನೇ ಇಡಲಾಗಿದೆ. 1898ರಲ್ಲಿ ಹುಬ್ಬಳ್ಳಿಯಲ್ಲಿ ಅವರ ಪ್ಲೇಗು ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ನೀಡಲಾಯಿತು.

ಆರಂಭಿಕ ಜೀವನ

ಹಾಫ್‌ಕಿನ್ ಅವರು ಆಗಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಒಡೆಸ್ಸಾ ನಗರದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಶಾಲಾ ಶಿಕ್ಷಣ ಬೆರ್ಡಿಯಾನ್ಸ್ಕ್ ಪಟ್ಟಣದಲ್ಲಿ ನಡೆಯಿತು. ಅನಂತರ ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರವನ್ನು ಅಭ್ಯಾಸ ಮಾಡಿದರು. ಅಲ್ಲಿ ಇಲ್ಯಾ ಮೆಚ್ನಿಕೋವ್ ಅವರ ಗುರುಗಳಾಗಿದ್ದರು. ಯಹೂದಿಗಳ ಮೇಲೆ ಹಲ್ಲೆಗಳು ನಡೆದಾಗ ಆತ್ಮರಕ್ಷಣಾ ಗುಂಪಿನಲ್ಲಿ ಸೇರಿದ್ದ ಕಾರಣಕ್ಕೆ ಹಾಫ್‌ಕಿನ್ ಬಂಧನಕ್ಕೊಳಗಾದರು. ಮೆಚ್ನಿಕೋವ್ ಅವರ ನೆರವಿನಿಂದ ಬಿಡುಗಡೆಯಾಯಿತು. ಮತಾಂತರಗೊಂಡರೆ ಅಧ್ಯಾಪಕ ಹುದ್ದೆ ದೊರೆಯುವ ಸಾಧ್ಯತೆಯಿದ್ದರೂ ಅವರು ಅದಕ್ಕೆ ಒಪ್ಪಲಿಲ್ಲ. ಕೆಲವು ವರ್ಷ ಒಡೆಸ್ಸಾದ ಪ್ರಾಣಿಶಾಸ್ತ್ರ ಸಂಗ್ರಹಾಲಯದಲ್ಲಿ ಕೆಲಸ ಮಾಡಿ, 1888ರಲ್ಲಿ ದೇಶವನ್ನು ತೊರೆದು ಜಿನೀವಾಕ್ಕೆ ತೆರಳಿದರು.

ವೃತ್ತಿಜೀವನದ ಆರಂಭ

1889ರಲ್ಲಿ ಹಾಫ್‌ಕಿನ್ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ಮೆಚ್ನಿಕೋವ್ ಆ ವೇಳೆಗಾಗಲೇ ಅಲ್ಲಿದ್ದರು. ಆದರೆ ಸಂಸ್ಥೆಯಲ್ಲಿ ಸಂಶೋಧಕರ ಸ್ಥಾನ ಖಾಲಿಯಿರಲಿಲ್ಲ. ದೊರೆತದ್ದು ಗ್ರಂಥಾಲಯದ ಕೆಲಸ. ಹಾಫ್‌ಕಿನ್ ಅದನ್ನೇ ಒಪ್ಪಿಕೊಂಡು, ಬಿಡುವಿನ ವೇಳೆಯನ್ನು ಪ್ರಯೋಗಾಲಯದಲ್ಲಿ ಕಳೆದರು. ಮುಂದೆ ಎಮಿಲ್ ರೂ ಅವರ ಸಹಾಯಕರಾದರು.

ಅವರು ಆರಿಸಿಕೊಂಡ ವಿಷಯ ಕಾಲರಾ. ರೋಗಾಣುವನ್ನು ಗಿನಿಯಿಲಿಗಳಲ್ಲಿ ಒಂದರಿಂದ ಒಂದಕ್ಕೆ ದಾಟಿಸಿ ಅದರ ತೀವ್ರತೆಯನ್ನು ಹೆಚ್ಚಿಸಿದರು. ಇನ್ನೊಂದು ಕಡೆ, ಬಿಸಿಗಾಳಿಯಲ್ಲಿ ಬೆಳೆಸಿ ತೀವ್ರತೆಯನ್ನು ತಗ್ಗಿಸಿದರು. ಮೊದಲು ದುರ್ಬಲ ರೂಪವನ್ನೂ ಕೆಲವು ದಿನಗಳ ಬಳಿಕ ತೀವ್ರ ರೂಪವನ್ನೂ ಚುಚ್ಚಿದರೆ ಪ್ರಾಣಿಗಳಿಗೆ ರಕ್ಷಣೆ ದೊರೆಯುತ್ತಿತ್ತು. 18 ಜುಲೈ 1892ರಂದು ಅವರು ಈ ಲಸಿಕೆಯನ್ನು ತಮಗೇ ಚುಚ್ಚಿಕೊಂಡರು. ಜ್ವರ ಮತ್ತು ನೋವು ಕಾಣಿಸಿಕೊಂಡು ಕೆಲವೇ ದಿನಗಳಲ್ಲಿ ಗುಣವಾಯಿತು. ಇದರಿಂದ ಲಸಿಕೆ ಅಪಾಯಕಾರಿಯಲ್ಲವೆಂದು ತಿಳಿಯಿತೇ ಹೊರತು, ಅದು ರೋಗವನ್ನು ತಡೆಯುತ್ತದೆಯೆಂದು ಸಿದ್ಧವಾಗಲಿಲ್ಲ. ಅದಕ್ಕೆ ಕಾಲರಾ ಇರುವ ಊರು ಬೇಕಿತ್ತು. ಹಿಂದೆ ಭಾರತದ ವೈಸರಾಯ್ ಆಗಿದ್ದು ಆಗ ಪ್ಯಾರಿಸ್‌ನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ ಅವರ ಬೆಂಬಲದಿಂದ ಹಾಫ್‌ಕಿನ್ 1893ರಲ್ಲಿ ಭಾರತಕ್ಕೆ ಬಂದರು.

ಭಾರತದಲ್ಲಿ ಕಾಲರಾ ಲಸಿಕೆ

ಹಾಫ್‌ಕಿನ್ ಉತ್ತರ ಭಾರತದ ಹಲವು ಊರುಗಳಲ್ಲಿ ಸಂಚರಿಸಿ, ಒಪ್ಪಿದವರಿಗೆ ಮಾತ್ರ ಲಸಿಕೆ ನೀಡಿದರು. 1895ರವರೆಗಿನ ಅವಧಿಯಲ್ಲಿ 42,000ಕ್ಕೂ ಹೆಚ್ಚು ಜನರು ಲಸಿಕೆ ಪಡೆದರು. ಆದರೆ ಲಸಿಕೆ ಪಡೆದವರ ಸಂಖ್ಯೆಯೊಂದೇ ಏನನ್ನೂ ಸಾಬೀತುಪಡಿಸುವುದಿಲ್ಲವೆಂಬುದು ಅವರ ಗಮನಕ್ಕೆ ಬಂದಿತ್ತು. ಲಸಿಕೆ ಪಡೆದ ಊರಿಗೆ ಕಾಲರಾ ಬರದೇ ಹೋದರೆ, ಅದು ಲಸಿಕೆಯ ಫಲವೋ ಆಕಸ್ಮಿಕವೋ ಹೇಳಲಾಗದು. ಆದ್ದರಿಂದ ಅವರು ಕೊಲ್ಕತ್ತದ ಬಸ್ತಿಗಳಂತಹ ಸ್ಥಳಗಳತ್ತ ಗಮನ ಹರಿಸಿದರು. ಅಲ್ಲಿ ಒಂದೇ ಮನೆಯಲ್ಲಿ, ಒಂದೇ ಕೆರೆಯ ನೀರು ಕುಡಿಯುವ ಜನರಲ್ಲಿ ಕೆಲವರು ಲಸಿಕೆ ಪಡೆದಿದ್ದರು, ಕೆಲವರು ಪಡೆದಿರಲಿಲ್ಲ. 1894ರಲ್ಲಿ ಕಟ್ಟಾಲ್ ಬಗಾನ್ ಬಸ್ತಿಯಲ್ಲಿ ಕಾಲರಾ ಕಾಣಿಸಿಕೊಂಡಾಗ ರೋಗ ತಗುಲಿದ್ದು ಲಸಿಕೆ ಪಡೆಯದವರಿಗೆ. ಈ ಫಲಿತಾಂಶವು ಲಸಿಕೆಗೆ ಅಧಿಕಾರಿಗಳ ಬೆಂಬಲವನ್ನು ತಂದಿತು. ಮಲೇರಿಯಾದಿಂದ ಬಳಲಿದ ಹಾಫ್‌ಕಿನ್ 1895ರಲ್ಲಿ ಯುರೋಪಿಗೆ ಹಿಂದಿರುಗಿ, ಮರುವರ್ಷ ಮತ್ತೆ ಭಾರತಕ್ಕೆ ಬಂದರು.

ಪ್ಲೇಗು ಲಸಿಕೆ

1896ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅಕ್ಟೋಬರ್‌ನಲ್ಲಿ ಸರ್ಕಾರವು ಹಾಫ್‌ಕಿನ್ ಅವರನ್ನು ಅಲ್ಲಿಗೆ ಕಳುಹಿಸಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕೋಣೆ ಮತ್ತು ಒಂದು ಮೊಗಸಾಲೆ ಅವರ ಪ್ರಯೋಗಾಲಯವಾಯಿತು. ಒಬ್ಬ ಗುಮಾಸ್ತ ಮತ್ತು ಮೂವರು ಜವಾನರು ಅವರಿಗೆ ನೆರವಾದರು. ಪ್ಲೇಗಿನ ರೋಗಾಣುವನ್ನು ಮಾಂಸದ ಸಾರಿನಲ್ಲಿ, ಮೇಲೆ ತುಪ್ಪ ಅಥವಾ ಎಣ್ಣೆಯ ಹನಿಗಳನ್ನು ತೇಲಿಸಿ ಬೆಳೆಸಿದರು. ಬಳಿಕ ಅದನ್ನು ಕಾಯಿಸಿ ರೋಗಾಣುಗಳನ್ನು ಕೊಂದರು. ಕಾಲರಾ ಲಸಿಕೆಯಲ್ಲಿ ಜೀವಂತ ರೋಗಾಣುಗಳಿದ್ದವು. ಇದರಲ್ಲಿದ್ದವು ಸತ್ತ ರೋಗಾಣುಗಳು. 10 ಜನವರಿ 1897ರಂದು ಅವರು ಸಾಮಾನ್ಯ ಪ್ರಮಾಣಕ್ಕಿಂತ ಹೆಚ್ಚಿನ ಲಸಿಕೆಯನ್ನು ತಾವೇ ಚುಚ್ಚಿಸಿಕೊಂಡರು.

ಅದೇ ತಿಂಗಳ ಕೊನೆಯಲ್ಲಿ ಬೈಕುಲಾ ಸೆರೆಮನೆಯಲ್ಲಿ ಪ್ಲೇಗು ಹರಡಿತು. ಕೈದಿಗಳಲ್ಲಿ ಮುಂದೆ ಬಂದ ಸುಮಾರು 150 ಮಂದಿಗೆ ಲಸಿಕೆ ನೀಡಲಾಯಿತು. 170ಕ್ಕೂ ಹೆಚ್ಚು ಮಂದಿ ಲಸಿಕೆ ಪಡೆಯಲಿಲ್ಲ. ಇಬ್ಬರಿಗೂ ಒಂದೇ ಆಹಾರ, ಒಂದೇ ವಸತಿ. ಲಸಿಕೆ ಪಡೆಯದವರಲ್ಲಿ 12 ಮಂದಿಗೆ ರೋಗ ತಗುಲಿ 6 ಮಂದಿ ಸತ್ತರು. ಪಡೆದವರಲ್ಲಿ ಇಬ್ಬರಿಗೆ ರೋಗ ಬಂದರೂ ಯಾರೂ ಸಾಯಲಿಲ್ಲ. ಕೈದಿಗಳು ಸ್ವಇಚ್ಛೆಯಿಂದ ಮುಂದೆ ಬಂದರೆಂದು ದಾಖಲಾಗಿದ್ದರೂ, ಸೆರೆಯಲ್ಲಿರುವವರ ಒಪ್ಪಿಗೆ ಎಷ್ಟರ ಮಟ್ಟಿಗೆ ಸ್ವತಂತ್ರವೆಂಬ ಪ್ರಶ್ನೆಯನ್ನು ಇಂದಿನ ಸಂಶೋಧನಾ ನೀತಿ ಎತ್ತುತ್ತದೆ.

1898ರಲ್ಲಿ ಬರೋಡಾ ಸಂಸ್ಥಾನದ ಉಂಧೇರಾ ಗ್ರಾಮದಲ್ಲಿ ಪ್ರಯೋಗವು ಇನ್ನಷ್ಟು ಕಟ್ಟುನಿಟ್ಟಾಯಿತು. ಪ್ರತಿಯೊಂದು ಕುಟುಂಬದಲ್ಲಿಯೂ ಸರಿಸುಮಾರು ಅರ್ಧದಷ್ಟು ಜನರಿಗೆ ಲಸಿಕೆ ನೀಡಿ ಉಳಿದವರನ್ನು ಹಾಗೆಯೇ ಬಿಡಲಾಯಿತು. ಪ್ಲೇಗು ತಗುಲಿದ ಮನೆಗಳಲ್ಲಿ ಲಸಿಕೆ ಪಡೆದ 71 ಮಂದಿಯಲ್ಲಿ 8 ಮಂದಿಗೆ ರೋಗ ಬಂದು 3 ಮಂದಿ ಸತ್ತರು. ಪಡೆಯದ 64 ಮಂದಿಯಲ್ಲಿ 27 ಮಂದಿಗೆ ರೋಗ ಬಂದು 26 ಮಂದಿ ಸತ್ತರು. ಲಸಿಕೆಯ ಪರ ದೊರೆತ ಬಲವಾದ ಪುರಾವೆಗಳಲ್ಲಿ ಇದೂ ಒಂದು. ಲಸಿಕೆ ಸಿಗದ ಅರ್ಧ ಜನರ ಪಾಲಿಗೆ ಇದರ ಬೆಲೆ ಎಷ್ಟೆಂಬುದೂ ಇದೇ ಅಂಕಿಗಳಲ್ಲಿದೆ.

ಜನರ ಅಂಜಿಕೆಯನ್ನು ಕಳೆಯುವುದು ಪ್ರಯೋಗಾಲಯದ ಕೆಲಸಕ್ಕಿಂತ ಸುಲಭವಾಗಿರಲಿಲ್ಲ. ಖೋಜಾ ಸಮುದಾಯದ ಮುಖ್ಯಸ್ಥ ಮೂರನೆಯ ಆಗಾ ಖಾನ್ ಅವರು ಎಲ್ಲರೆದುರು ಲಸಿಕೆ ಚುಚ್ಚಿಸಿಕೊಂಡು, ಪ್ರಯೋಗಾಲಯಕ್ಕೆ ತಮ್ಮ ಕಟ್ಟಡವನ್ನೂ ಬಿಟ್ಟುಕೊಟ್ಟರು. 1899ರ ಆಗಸ್ಟ್‌ನಲ್ಲಿ ಪ್ರಯೋಗಾಲಯವು ಪರೇಲ್‌ನ ಹಳೆಯ ಸರ್ಕಾರಿ ಭವನದಲ್ಲಿ ನೆಲೆಗೊಂಡಿತು.

ಕನ್ನಡ ನಾಡಿನಲ್ಲಿ

ಇಂದಿನ ಕರ್ನಾಟಕ ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಹುಬ್ಬಳ್ಳಿ, ಧಾರವಾಡ ಮತ್ತು ಗದಗ ಮುಂಬಯಿ ಪ್ರಾಂತ್ಯದಲ್ಲಿದ್ದವು. ಬೆಂಗಳೂರು ಮತ್ತು ಮೈಸೂರು ಮೈಸೂರು ಸಂಸ್ಥಾನದಲ್ಲಿದ್ದವು. ಬೀದರ, ಭಾಲ್ಕಿ ಮತ್ತು ಔರಾದ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಪ್ಲೇಗಿನ ತಡೆಗೆ ಯಾವ ಕ್ರಮ ಕೈಗೊಳ್ಳಬೇಕೆಂಬುದನ್ನು ಆಯಾ ಆಡಳಿತಗಳು ತಮ್ಮಷ್ಟಕ್ಕೆ ನಿರ್ಧರಿಸುತ್ತಿದ್ದವು.

ರೈಲ್ವೆ ಕಾರ್ಯಾಗಾರವೂ ಹತ್ತಿಯ ವ್ಯಾಪಾರವೂ ಇದ್ದ ಹುಬ್ಬಳ್ಳಿಯಲ್ಲಿ 1898ರಲ್ಲಿ ಪ್ಲೇಗು ತೀವ್ರವಾಯಿತು. ಅಲ್ಲಿ ವೈದ್ಯಾಧಿಕಾರಿ ಲ್ಯೂಮನ್ ಅವರ ಮೇಲ್ವಿಚಾರಣೆಯಲ್ಲಿ 30,000ಕ್ಕೂ ಹೆಚ್ಚು ಜನರು ಲಸಿಕೆ ಪಡೆದರು. ಊರಿನ ಬಹುಪಾಲು ಜನರು ಇದರಲ್ಲಿ ಸೇರಿದ್ದರು. ಲಸಿಕೆ ಪಡೆದವರಲ್ಲಿ ಸಾವಿನ ಪ್ರಮಾಣ ಬಹಳ ಕಡಿಮೆಯಿತ್ತು. ಆದರೆ ಬೈಕುಲಾ ಸೆರೆಮನೆಯಲ್ಲಿ ಸಾಧ್ಯವಾದ ನಿಖರತೆ ತೆರೆದ ಊರಿನಲ್ಲಿ ಸಾಧ್ಯವಾಗಲಿಲ್ಲ. ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು, ಮತ್ತೆ ಮರಳುತ್ತಿದ್ದರು. ಲಸಿಕೆ ಪಡೆಯದವರ ಗುಂಪು ದಿನದಿಂದ ದಿನಕ್ಕೆ ಕರಗುತ್ತಿತ್ತು. ಹೀಗಾಗಿ ಹೋಲಿಕೆಯ ತಳಹದಿಯೇ ಬದಲಾಗುತ್ತಿತ್ತು. 1898ರಲ್ಲಿ ನೇಮಕವಾದ ಭಾರತೀಯ ಪ್ಲೇಗು ಆಯೋಗವು ಲಸಿಕೆಯಿಂದ ರೋಗವೂ ಸಾವೂ ತಗ್ಗುತ್ತವೆಯೆಂದು ಒಪ್ಪಿತು. ಆದರೆ ಸಲ್ಲಿಕೆಯಾದ ಅಂಕಿಅಂಶಗಳ ನಿಖರತೆಯನ್ನು ಪ್ರಶ್ನಿಸಿತು.

ಅದೇ ವರ್ಷ ಬೆಂಗಳೂರಿಗೂ ಪ್ಲೇಗು ತಲುಪಿತು. ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳ ಬೆಳವಣಿಗೆಗೆ ಈ ಪಿಡುಗೂ ಕಾರಣವಾಯಿತು. ಪ್ಲೇಗಮ್ಮನ ಗುಡಿಗಳು ಆ ಕಾಲದ ನೆನಪನ್ನು ಇಂದಿಗೂ ಉಳಿಸಿಕೊಂಡಿವೆ.

ಮುಲ್ಕೋವಾಲ್ ದುರಂತ

30 ಅಕ್ಟೋಬರ್ 1902ರಂದು ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ 107 ಮಂದಿಗೆ ಪ್ಲೇಗು ಲಸಿಕೆ ನೀಡಲಾಯಿತು. ಒಂದು ವಾರದ ನಂತರ ಅವರಲ್ಲಿ 19 ಮಂದಿಗೆ ಧನುರ್ವಾಯುವಿನ ಲಕ್ಷಣಗಳು ಕಾಣಿಸಿಕೊಂಡವು. ಎಲ್ಲ 19 ಮಂದಿಯೂ ಮರಣಹೊಂದಿದರು. ಅವರೆಲ್ಲರೂ 53-ಎನ್ ಎಂಬ ಗುರುತಿನ ಒಂದೇ ಸೀಸೆಯಿಂದ ಲಸಿಕೆ ಪಡೆದಿದ್ದರು. ಆ ದಿನ ಬಳಸಿದ ಬೇರೆ ಸೀಸೆಗಳಿಂದ ಲಸಿಕೆ ಪಡೆದವರಿಗೆ ತೊಂದರೆಯಾಗಲಿಲ್ಲ.

ಸೀಸೆ ಎಲ್ಲಿ ಕಲುಷಿತವಾಯಿತೆಂಬುದು ಮುಖ್ಯ ಪ್ರಶ್ನೆಯಾಯಿತು. ಪರೇಲ್‌ನಲ್ಲಿ ಕಲುಷಿತವಾಗಿದ್ದರೆ ಹೊಣೆ ಹಾಫ್‌ಕಿನ್ ಅವರದು. ಗ್ರಾಮದಲ್ಲಿ ಸೀಸೆ ತೆರೆದಾಗ ಆಗಿದ್ದರೆ ಅಲ್ಲ. ಹಾಫ್‌ಕಿನ್ ಅವರು ಲಸಿಕೆಯ ತಯಾರಿಯಲ್ಲಿ ಕಾರ್ಬಾಲಿಕ್ ಆಮ್ಲದ ಬಳಕೆಯನ್ನು ಬಿಟ್ಟು ಶಾಖವನ್ನಷ್ಟೇ ಅವಲಂಬಿಸಿದ್ದರು. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಅದು ರೂಢಿಯಲ್ಲಿದ್ದ ಕ್ರಮವಾಗಿದ್ದರೂ, ವಿಚಾರಣಾ ಆಯೋಗವು ತಯಾರಿಕೆಯಲ್ಲೇ ದೋಷವಿತ್ತೆಂಬ ನಿರ್ಣಯಕ್ಕೆ ಬಂದಿತು. ಹಾಫ್‌ಕಿನ್ ಅವರನ್ನು ಹುದ್ದೆಯಿಂದ ದೂರವಿಡಲಾಯಿತು. 1904ರಲ್ಲಿ ಅವರು ಭಾರತವನ್ನು ಬಿಟ್ಟರು.

ಮುಂದಿನ ವರ್ಷಗಳಲ್ಲಿ ದಾಖಲೆಗಳನ್ನು ಮತ್ತೆ ಪರಿಶೀಲಿಸಿದಾಗ ಬೇರೆ ಚಿತ್ರ ಕಂಡಿತು. ಧನುರ್ವಾಯುವಿನ ರೋಗಾಣು ಮುಚ್ಚಿದ ಸೀಸೆಯಲ್ಲಿ ವಾರಗಳ ಕಾಲ ಬೆಳೆದಿದ್ದರೆ ಅದರಿಂದ ಕೆಟ್ಟ ವಾಸನೆ ಬರಬೇಕಿತ್ತು. ತೆರೆದ ವೈದ್ಯರು ಅಂತಹ ವಾಸನೆಯನ್ನು ಗಮನಿಸಿರಲಿಲ್ಲ. ಸೀಸೆಯನ್ನು ತೆರೆಯುವಾಗ ಸಹಾಯಕನೊಬ್ಬನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧೀಕರಿಸದೆ ಮುಚ್ಚಳ ತೆಗೆಯಲು ಬಳಸಲಾಗಿತ್ತು. ಲಂಡನ್‌ನ ಲಿಸ್ಟರ್ ಸಂಸ್ಥೆಯ ಪರಿಶೀಲನೆಯೂ ಹಾಫ್‌ಕಿನ್ ಅವರ ಪರವಾಗಿತ್ತು. 1907ರಲ್ಲಿ ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮತ್ತು ಇತರ ವಿಜ್ಞಾನಿಗಳು ಲಂಡನ್‌ನ ಟೈಮ್ಸ್ ಪತ್ರಿಕೆಗೆ ಬರೆದು ನ್ಯಾಯಕ್ಕಾಗಿ ಒತ್ತಾಯಿಸಿದರು. ಅದೇ ವರ್ಷದ ನವೆಂಬರ್‌ನಲ್ಲಿ ಸರ್ಕಾರವು ಅವರನ್ನು ಆರೋಪದಿಂದ ಮುಕ್ತಗೊಳಿಸಿತು.

ಕೊನೆಯ ವರ್ಷಗಳು

ಹಾಫ್‌ಕಿನ್ ಮತ್ತೆ ಭಾರತಕ್ಕೆ ಬಂದು ಕೊಲ್ಕತ್ತದ ಪ್ರಯೋಗಾಲಯವೊಂದರ ಮುಖ್ಯಸ್ಥರಾದರು. ಆದರೆ ಮನುಷ್ಯರ ಮೇಲೆ ಲಸಿಕೆಯ ಪ್ರಯೋಗ ನಡೆಸುವ ಅವಕಾಶ ಅವರಿಗೆ ದೊರೆಯಲಿಲ್ಲ. ನಿವೃತ್ತಿಯ ನಂತರ ಯುರೋಪಿಗೆ ಮರಳಿ ಬಹುಕಾಲ ಫ್ರಾನ್ಸ್‌ನಲ್ಲಿ ನೆಲೆಸಿದರು. ಅವರು ಅವಿವಾಹಿತರಾಗಿದ್ದರು. ತಮ್ಮ ಆಸ್ತಿಯನ್ನು ಪೂರ್ವ ಯುರೋಪಿನ ಯಹೂದಿ ಧಾರ್ಮಿಕ ಶಾಲೆಗಳ ನೆರವಿಗೆ ಮೀಸಲಿಟ್ಟರು. 26 ಅಕ್ಟೋಬರ್ 1930ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ನಿಧನರಾದರು. ಪರೇಲ್‌ನ ಪ್ರಯೋಗಾಲಯಕ್ಕೆ 1925ರಲ್ಲೇ ಅವರ ಹೆಸರನ್ನು ಇಡಲಾಗಿತ್ತು. 1964ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.

ಇಂದಿನ ಕ್ಲಿನಿಕಲ್ ಸಂಶೋಧನೆಯೊಂದಿಗೆ ಸಂಬಂಧ

ಹಾಫ್‌ಕಿನ್ ಅವರ ಕಾಲದಲ್ಲಿ ಲಸಿಕೆಯನ್ನು ತಯಾರಿಸಿದವರೇ ಅದನ್ನು ಪರೀಕ್ಷಿಸಿ, ಲೆಕ್ಕವಿಟ್ಟು, ಫಲಿತಾಂಶವನ್ನು ಸಮರ್ಥಿಸಿಕೊಳ್ಳಬೇಕಿತ್ತು. ಇಂದು ಈ ಹೊಣೆಗಳು ಬೇರೆ ಬೇರೆಯವರಲ್ಲಿ ಹಂಚಿಹೋಗಿವೆ. ಪ್ರಯೋಗ ನಡೆಯುವ ಆಸ್ಪತ್ರೆಗಳಿಗೆ ಭೇಟಿ ನೀಡಿ ಪರಿಶೀಲಿಸುವ ಹೊಣೆ ಕ್ಲಿನಿಕಲ್ ರಿಸರ್ಚ್ ಅಸೋಸಿಯೇಟ್ ಎಂಬ ಉದ್ಯೋಗಿಯದು. ವರದಿಯಲ್ಲಿರುವ ಅಂಕಿಗಳು ರೋಗಿಯ ಮೂಲ ಕಡತಕ್ಕೆ ಹೊಂದುತ್ತವೆಯೇ, ಒಪ್ಪಿಗೆಪತ್ರಕ್ಕೆ ಪ್ರಯೋಗಕ್ಕೆ ಮುನ್ನವೇ ಸಹಿಯಾಗಿದೆಯೇ, ಔಷಧವನ್ನು ನಿಗದಿತ ಉಷ್ಣಾಂಶದಲ್ಲಿ ಇರಿಸಲಾಗಿದೆಯೇ, ಯಾವ ತಂಡದ ಔಷಧ ಯಾರಿಗೆ ಸಂದಿದೆ ಎಂಬುದನ್ನು ಅವರು ನೋಡುತ್ತಾರೆ. 53-ಎನ್ ಸೀಸೆಯ ಬಗ್ಗೆ ವಿಚಾರಣೆಯಲ್ಲಿ ಎದ್ದ ಪ್ರಶ್ನೆಗಳೂ ಇದೇ ಬಗೆಯವು.

ಔಷಧಶಾಸ್ತ್ರ, ಜೀವವಿಜ್ಞಾನ, ಶುಶ್ರೂಷೆ ಅಥವಾ ವೈದ್ಯಕೀಯ ಪದವಿ ಪಡೆದವರು ಈ ವೃತ್ತಿಯನ್ನು ಪ್ರವೇಶಿಸುತ್ತಾರೆ. ಹಲವರು ಮೊದಲು ಆಸ್ಪತ್ರೆಯಲ್ಲಿ ಪ್ರಯೋಗ ಸಂಯೋಜಕರಾಗಿ ಅಥವಾ ಕಂಪನಿಯಲ್ಲಿ ಕಡತಗಳನ್ನು ನಿರ್ವಹಿಸುವ ಸಹಾಯಕರಾಗಿ ಸೇರಿ, ಅನುಭವದ ಬಳಿಕ ಮೇಲ್ವಿಚಾರಣೆಯ ಹುದ್ದೆಗೆ ಏರುತ್ತಾರೆ. ಭಾರತದಲ್ಲಿ ಪ್ರಯೋಗಗಳ ಸಾರ್ವಜನಿಕ ನೋಂದಣಿ 2007ರಲ್ಲಿ ಆರಂಭವಾಗಿ 2009ರಲ್ಲಿ ಕಡ್ಡಾಯವಾಯಿತು. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳ ಪ್ರಕಾರ ಗಂಭೀರ ಅಡ್ಡಪರಿಣಾಮ ಸಂಭವಿಸಿದ 24 ಗಂಟೆಗಳೊಳಗೆ ಪ್ರಯೋಗದ ಹೊಣೆಹೊತ್ತ ವೈದ್ಯರು ವರದಿ ಮಾಡಬೇಕು.

ಪ್ರಯೋಗದ ಮಾಹಿತಿ ಮತ್ತು ಒಪ್ಪಿಗೆಪತ್ರ ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿರುವುದು ಕಡ್ಡಾಯ. ಕನ್ನಡ, ಮರಾಠಿ, ಉರ್ದು ಮತ್ತು ತೆಲುಗು ಮಾತನಾಡುವ ಜನರು ಒಟ್ಟಿಗೆ ಬಾಳುವ ಬೀದರ, ಭಾಲ್ಕಿ, ಔರಾದಗಳಂತಹ ಗಡಿ ಪ್ರದೇಶಗಳಲ್ಲಿ ಈ ನಿಯಮಕ್ಕೆ ಹೆಚ್ಚಿನ ಮಹತ್ವವಿದೆ. ಅಲ್ಲಿ ಒಂದೇ ಭಾಷೆಯ ಒಪ್ಪಿಗೆಪತ್ರ ಎಲ್ಲರಿಗೂ ಸಾಲದು. ಸ್ಥಳೀಯ ಭಾಷೆಗಳನ್ನು ಬಲ್ಲವರು ಮಾತ್ರ, ರೋಗಿಯು ವಿಷಯವನ್ನು ಅರಿತು ಸಹಿ ಮಾಡಿದ್ದಾನೆಯೇ ಎಂಬುದನ್ನು ನೇರವಾಗಿ ಪರಿಶೀಲಿಸಬಲ್ಲರು.