ಅಲ್ಲಮಪ್ರಭು ಮೆದುಳಿನ ವಿಜ್ಞಾನ ಹೇಳಿದ್ದರೇ?

ಅಲ್ಲಮಪ್ರಭು ಅಂದೇ ನ್ಯೂರೋಸೈನ್ಸ್ ಹೇಳಿದ್ದರು ಎಂಬ ಮೆಸೇಜ್ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ಅಲ್ಲಮ 12ನೇ ಶತಮಾನದವರು. ಊರು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ. ಹರಿಹರ ಕವಿಯ ರಗಳೆಯ ಪ್ರಕಾರ ಅವರು ಮದ್ದಳೆ ಬಾರಿಸುತ್ತಿದ್ದರು. ಪ್ರೀತಿಸಿದ ಕಾಮಲತೆ ತೀರಿಕೊಂಡಾಗ ದುಃಖದಲ್ಲಿ ಅಲೆದರು. ಅನಿಮಿಷಯ್ಯನಿಂದ ಲಿಂಗ ಪಡೆದ ಮೇಲೆ ಬೇರೆಯೇ ಮನುಷ್ಯರಾದರು. ಮುಂದೆ ಕಲ್ಯಾಣದ ಶರಣರಿಗೆ ಪ್ರಭುವಾದರು. ಗುಹೇಶ್ವರ ಅಂಕಿತದ ವಚನಗಳಲ್ಲಿ ಅರಿವು, ಮರವೆ, ನಾನು ಎಂಬ ಭಾವ ಎಲ್ಲವನ್ನೂ ಪ್ರಶ್ನಿಸಿದರು.

ಆದರೆ ನರಕೋಶದ ಮಾತು ಅಲ್ಲಿಲ್ಲ. ಅದಕ್ಕೆ ನ್ಯೂರಾನ್ ಎಂಬ ಹೆಸರು ಬಂದಿದ್ದೇ 1891ರಲ್ಲಿ. ಅಲ್ಲಮ ಅರಿವನ್ನು ಒಳಗಿನಿಂದ ನೋಡಿದರು; ವಿಜ್ಞಾನ ಮೆದುಳನ್ನು ಹೊರಗಿನಿಂದ ಅಳೆಯುತ್ತದೆ. ಮೆದುಳಿನ ಚಟುವಟಿಕೆ ಅನುಭವವಾಗುವುದು ಹೇಗೆ ಎಂಬುದಕ್ಕೆ ವಿಜ್ಞಾನಿಗಳಲ್ಲಿ ಇಂದಿಗೂ ಒಪ್ಪಿತ ಉತ್ತರವಿಲ್ಲ. ಅಲ್ಲಮರ ಹಿರಿಮೆ ಅವರು ಎತ್ತಿದ ಪ್ರಶ್ನೆಯಲ್ಲಿದೆ. ಅದಕ್ಕೆ ವಿಜ್ಞಾನದ ಸರ್ಟಿಫಿಕೇಟ್ ಬೇಕಿಲ್ಲ.