ನವರತ್ನ ರಾಮರಾಯರೂ ರೇಷ್ಮೆಯ ಒಕ್ಕಲೂ

ಕೋಲಾರದಿಂದ ಶ್ರೀನಿವಾಸಪುರದ ಕಡೆಗೆ ಹೊರಟವರಿಗೆ ದಾರಿಯ ಎರಡು ಪಕ್ಕದಲ್ಲಿಯೂ ಅಲ್ಲಲ್ಲಿ ಹಿಪ್ಪುನೇರಳೆಯ ತೋಟಗಳು ಕಾಣುತ್ತವೆ. ಮಾಲೂರು, ಮುಳಬಾಗಿಲು ಸೀಮೆಗಳಲ್ಲಿಯೂ ಇದೇ ನೋಟ. ತುಂಬಿ ಹರಿಯುವ ಹೊಳೆಯಿಲ್ಲದ ಈ ನಾಡಿನಲ್ಲಿ ಅನೇಕ ಒಕ್ಕಲುಗಳ ಕೈಗೆ ರೊಕ್ಕ ಬಂದದ್ದು ಆ ಸೊಪ್ಪು ಮೇಯುವ ಹುಳುವಿನಿಂದ. ಆ ಹುಳುವಿನೊಡನೆ ಸೇರಿಸಿ ನೆನೆಯಬೇಕಾದ ಒಬ್ಬ ಮಹನೀಯರನ್ನು ಸಾಹಿತ್ಯದ ವಿದ್ಯಾರ್ಥಿಗಳು ಬೇರೊಂದು ಕಾರಣಕ್ಕಾಗಿ ಬಲ್ಲರು. ಅವರೇ ‘ಕೆಲವು ನೆನಪುಗಳು’ ಗ್ರಂಥದ ಕರ್ತೃಗಳಾದ ನವರತ್ನ ರಾಮರಾಯರು.

ರಾಮರಾಯರು ಹುಟ್ಟಿದ್ದು 1877ರಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ರಾಜಾಜಿಯವರೊಡನೆ ಎಳೆಯ ವಯಸ್ಸಿನಲ್ಲಿ ಬೆಳೆದ ಸ್ನೇಹ ಬಾಳಿನುದ್ದಕ್ಕೂ ಉಳಿಯಿತು. ಮುಂದೆ ರಾಜಾಜಿಯವರ ಮಹಾಭಾರತದ ಕಥೆಗಳು ತಮಿಳಿನಿಂದ ಇಂಗ್ಲಿಷಿಗೆ ಬಂದಾಗ ನೆರವಾದವರಲ್ಲಿ ರಾಮರಾಯರೂ ಒಬ್ಬರು. ಜೀವನೋಪಾಯಕ್ಕೆ ಅವರು ಹಿಡಿದದ್ದು ಮೈಸೂರು ಸಂಸ್ಥಾನದ ಸರಕಾರಿ ಕೆಲಸ. ಅಮಲ್ದಾರರಾಗಿ ಹಳ್ಳಿಗಾಡನ್ನು ಸುತ್ತಿ, ರೈತನ ಮಾತನ್ನೂ ಮೌನವನ್ನೂ ಅರಿತರು. ಈ ಅರಿವೇ ಮುಂದೆ ರೇಷ್ಮೆಯ ಕೆಲಸಕ್ಕೆ ಬಂಡವಾಳವಾಯಿತೆಂದು ನಾನು ಭಾವಿಸಿದ್ದೇನೆ.

ರೇಷ್ಮೆಗೆ ರಾಜಾಶ್ರಯ ಹೊಸದೇನಲ್ಲ. 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನು ಬಂಗಾಳದಿಂದ ಹುಳುಗಳನ್ನು ತರಿಸಿ ಸಾಕಣೆಗೆ ಏರ್ಪಾಡು ಮಾಡಿದನು. ಮುಂದಿನ ಶತಮಾನ ಮುಗಿಯುವ ವೇಳೆಗೆ ಜಮಶೇಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನೀ ಪದ್ಧತಿಯ ರೇಷ್ಮೆ ತೋಟವನ್ನು ತೆರೆದಾಗ ಮೈಸೂರು ಸರಕಾರ ಅದಕ್ಕೆ ಸಹಾಯ ನೀಡಿತು. ಆದರೂ ರೋಗದ ಕಾಟ ಹಳ್ಳಿಯ ಸಾಕಣೆಯನ್ನು ಬಿಡಲಿಲ್ಲ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಇಟಲಿಯಿಂದ ವಾಷಿಂಗ್ಟನ್ ಮಾರಿ ಎಂಬ ತಜ್ಞರನ್ನು ಕರೆಸಿದರು. ಚನ್ನಪಟ್ಟಣದಲ್ಲಿ ಸರಕಾರದ ರೇಷ್ಮೆ ಕ್ಷೇತ್ರ ಏರ್ಪಟ್ಟಿತು. ರೇಷ್ಮೆಗಾಗಿಯೇ ಏರ್ಪಟ್ಟ ಇಲಾಖೆಯ ಹೊಣೆ ರಾಮರಾಯರ ಹೆಗಲಿಗೆ ಬಂದಿತು.

ಆ ಹೊಣೆಯ ಭಾರವನ್ನು ಬಲ್ಲವರು ಹುಳು ಸಾಕಿದ ಮನೆಯವರೇ. ನಮ್ಮ ಮನೆಯೂ ಅಂಥದೊಂದು. ಹುಳು ನಾಲ್ಕು ಜ್ವರ ಕಳೆದು ಕೊನೆಯ ಮೇವಿಗೆ ಬಂದಾಗ ನಾವು ಜಗಲಿಯಲ್ಲಿ ಮಲಗುತ್ತಿದ್ದೆವು, ಒಳಮನೆಯೆಲ್ಲ ಹುಳುವಿನದು. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ಹೊತ್ತಿನಲ್ಲಿಯೇ ಕೆಲವೊಮ್ಮೆ ಬೆಳೆಗೆ ಬೆಳೆಯೇ ಸತ್ತು ತಿಪ್ಪೆ ಸೇರುತ್ತಿತ್ತು. ಹಿರಿಯರು ದೃಷ್ಟಿ ತಗುಲಿತೆನ್ನುತ್ತಿದ್ದರು. ಮೈಲಿಗೆಯಾಯಿತೆಂದು ಮನೆಯ ಹೆಂಗಸರನ್ನು ದೂರುತ್ತಿದ್ದರು. ಗಂಟು ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುವುದೆಂದೂ, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಗ ತಿಳಿಯುವುದೆಂದೂ ಫ್ರಾನ್ಸಿನ ಪಾಸ್ತರನು 1860ರ ದಶಕದಲ್ಲಿಯೇ ತೋರಿಸಿದ್ದನು. ಸಾಲದ ಹಣ ರೈತನಿಗೆ ಸಾಹುಕಾರನಲ್ಲಿಯೂ ಸಿಕ್ಕೀತು. ಈ ಪರೀಕ್ಷೆಯನ್ನು ಮಾತ್ರ ಅವನು ತನ್ನ ಮನೆಯಲ್ಲಿ ಮಾಡಲಾರ. ಸರಕಾರ ಕೈಹಾಕಬೇಕಾದ ಸ್ಥಳ ಇದೇ.

ರಾಮರಾಯರ ಇಲಾಖೆ ಹಿಡಿದ ಹಾದಿಯೂ ಇದೇ. ಪರೀಕ್ಷಿಸಿದ ಮೊಟ್ಟೆಯನ್ನು ಒದಗಿಸುವುದು, ಖಾಸಗಿಯವರ ಬಿತ್ತನೆ ಕೋಠಿಗಳಿಗೆ ನೆರವಿತ್ತು ಮೇಲ್ವಿಚಾರಣೆ ನಡೆಸುವುದು, ನಾಡಿನ ಮೈಸೂರು ತಳಿಗೆ ಪರದೇಶದ ತಳಿಯನ್ನು ಕೂಡಿಸಿ ಹೆಚ್ಚು ನೂಲು ಕೊಡುವ ಮಿಶ್ರತಳಿಯನ್ನು ಹರಡುವುದು: 1920ರ ದಶಕದಲ್ಲಿ ಈ ಕೆಲಸಗಳು ಮೈಸೂರಿನಲ್ಲಿ ಬೇರೂರಿದವು. ತಲೆಮಾರುಗಳಿಂದ ನಂಬಿದ ಬಿತ್ತನೆಯನ್ನು ಬಿಟ್ಟು ಸರಕಾರದ ಮೊಟ್ಟೆಯನ್ನು ಮನೆಯೊಳಗೆ ತರುವಂತೆ ರೈತನನ್ನು ಒಲಿಸುವುದು ಹುಕುಮಿನಿಂದ ಆಗುವ ಕೆಲಸವಲ್ಲ. ಮುಂದೆ ಸಂಸ್ಥಾನದ ಕೈಗಾರಿಕೆ ವಾಣಿಜ್ಯ ಇಲಾಖೆಯ ನಿರ್ದೇಶಕ ಪದವಿಗೂ ಅವರು ಏರಿದರು.

ಇಷ್ಟಾದರೂ ಒಂದು ವಿಷಯ ಆ ಇಲಾಖೆಯ ಕೈಮೀರಿದ್ದಾಗಿತ್ತು. 1929ರ ಅನಂತರ ಲೋಕವೆಲ್ಲ ಆರ್ಥಿಕ ಮುಗ್ಗಟ್ಟಿಗೆ ಸಿಕ್ಕಿದಾಗ ಜಪಾನ್, ಚೀನಗಳ ಅಗ್ಗದ ರೇಷ್ಮೆ ನಮ್ಮ ಪೇಟೆಗೆ ನುಗ್ಗಿತು. ಹುಳು ಚೆನ್ನಾಗಿ ಬೆಳೆಯಿತು, ಗೂಡು ಗಟ್ಟಿಯಾಯಿತು, ಬೆಲೆ ಮಾತ್ರ ಕುಸಿಯಿತು. ನನ್ನ ತಾತ ಆ ದಿನಗಳಲ್ಲಿಯೇ ಹಿಪ್ಪುನೇರಳೆಯನ್ನು ಬೇರುಸಹಿತ ಕೀಳಿಸಿ ರಾಗಿ ಬಿತ್ತಿದರೆಂದು ಮನೆಯಲ್ಲಿ ಹೇಳುತ್ತಿದ್ದರು. ಆಮದಿನ ಸುಂಕ ಮೈಸೂರಿನ ಅಧಿಕಾರದಲ್ಲಿರಲಿಲ್ಲ; ಭಾರತ ಸರಕಾರ ರಕ್ಷಣಾ ಸುಂಕವನ್ನು ವಿಧಿಸಿದ್ದು 1934ರಲ್ಲಿ. ಅಷ್ಟರಲ್ಲಿ ಎಷ್ಟೋ ತೋಟಗಳು ಹೋಗಿದ್ದವು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟಿಗೆ ರೇಷ್ಮೆ ಬೇಕಾದಾಗ ಬೆಲೆ ಮರಳಿತು. ತಾತ ಮತ್ತೆ ಕಡ್ಡಿ ನೆಟ್ಟರು.

ಸ್ವಾತಂತ್ರ್ಯಾನಂತರ 1948ರ ಶಾಸನದಿಂದ ಕೇಂದ್ರ ರೇಷ್ಮೆ ಮಂಡಳಿ ಹುಟ್ಟಿತು. 1959ರ ರಾಜ್ಯ ಶಾಸನ ಬಿತ್ತನೆಯನ್ನೂ ಗೂಡಿನ ಮಾರಾಟವನ್ನೂ ಸರಕಾರದ ಕಟ್ಟುಪಾಡಿಗೆ ತಂದಿತು. ಗೂಡು ಬಹಿರಂಗ ಹರಾಜಿಗೆ ಬಂದು, ರೈತನಿಗೆ ತನ್ನ ಮಾಲಿನ ಬೆಲೆ ಕಣ್ಣೆದುರಿಗೇ ತಿಳಿಯುವಂತಾಯಿತು. ಆದರೆ 2011ರಲ್ಲಿ ಕೇಂದ್ರದ ಆಯವ್ಯಯ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿದಾಗ, ತಾತನ ಕಾಲದ ಕಥೆಯೇ ಮತ್ತೆ ನಡೆಯಿತು. ಒಂದು ಕೈಯಿಂದ ಮೊಟ್ಟೆ, ಚಂದ್ರಿಕೆ, ಹುಳುಮನೆಗೆ ಸಹಾಯಧನ; ಇನ್ನೊಂದು ಕೈಯಿಂದ ಬಾಗಿಲು ತೆರೆದು ಪರದೇಶದ ನೂಲಿಗೆ ಸ್ವಾಗತ. ಈ ಎರಡು ಕೈಗಳೂ ಒಂದನ್ನೊಂದು ಅರಿಯದಿದ್ದರೆ ಒಕ್ಕಲಿಗೆ ಉಳಿಯುವುದೇನು ಎಂಬ ಪ್ರಶ್ನೆ ರಾಮರಾಯರ ಕಾಲದ್ದೂ ಹೌದು, ನಮ್ಮ ಕಾಲದ್ದೂ ಹೌದು.

ರಾಮರಾಯರು 1960ರಲ್ಲಿ ತೀರಿಕೊಂಡರು. ಅವರ ಗ್ರಂಥ ಅದಕ್ಕೆ ಆರು ವರ್ಷ ಮೊದಲು, 1954ರಲ್ಲಿ, ಹೊರಬಂದಿತ್ತು. ನಾನು ಅದನ್ನು ಕಾಲೇಜಿನ ದಿನಗಳಲ್ಲಿ ಓದಿದೆ. ನನ್ನ ಅಜ್ಜಿಗೆ ಆ ಹೆಸರೇ ತಿಳಿಯದು. ಆದರೆ ಮೊಟ್ಟೆಯ ಹಾಳೆ ಮನೆಗೆ ಬಂದ ದಿನ ಆಕೆ ಮೊದಲು ಕೇಳುತ್ತಿದ್ದುದು, ಅದು ಸರಕಾರದ ಕೋಠಿಯದೋ ಅಲ್ಲವೋ ಎಂದು. ಹೌದೆಂದು ತಿಳಿದ ಮೇಲೆಯೇ ಅದಕ್ಕೆ ಕುಂಕುಮವಿಟ್ಟು ಒಳಗೆ ಒಯ್ಯುತ್ತಿದ್ದಳು.